ಹಿಂದೆ ಬರುವವರ ಲೆಕ್ಕದಲ್ಲಿ ಪಾಮಿರ್ ದಾಟುವುದು

(ಮೈಸೂರಿನಲ್ಲಿ ಸೈಕಲ್ ಗೆಳೆಯರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಧ್ಯ ಏಷ್ಯಾದ ಪಾಮಿರ್ ಬೆಟ್ಟಗಳನ್ನು ದಾಟುವ ಪಾಮಿರ್ ಹೆದ್ದಾರಿಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಫೋಟೋಗಳು ಪರದೆಯ ಮೇಲೆ ತಮ್ಮ ಪಾಡಿಗೆ ಬರುತ್ತಿರಲಿ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಒಂದೇ ವಿಷಯ. ಗೆಳೆಯರು ಸೇರಿಕೊಂಡು ದೇಶದಿಂದ ದೇಶಕ್ಕೆ, ಅಷ್ಟೆತ್ತರದ ಪಾಸ್‌ಗಳನ್ನು, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿಗಳನ್ನು, ದಾಟಿಕೊಂಡು ಹೋಗುವಾಗ, ಯಾರ ವೇಗವನ್ನು ಹಿಡಿದು ಪ್ರವಾಸ ಕಟ್ಟಬೇಕು? ಎಲ್ಲರಿಗಿಂತ ಹಿಂದೆ ಬರುವವರ ವೇಗವನ್ನು ಹಿಡಿದು. ಇದನ್ನು ಔದಾರ್ಯದ ಮಾತು ಅಂತ ತಿಳಿಯಬೇಡಿ. ಎತ್ತರದ ಜಾಗದಲ್ಲಿ ಬೇರೆ ದಾರಿಯೇ ಇಲ್ಲ ಅಂತ ನಾನು ನಂಬುತ್ತೇನೆ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ದಾರಿ. ಎಂ-41 ಅಂತ ಇದರ ಸರ್ಕಾರಿ ಹೆಸರು. ಕಿರ್ಗಿಸ್ತಾನದ ಓಶ್ ಪಟ್ಟಣದಿಂದ ತಜಕಿಸ್ತಾನದ ರಾಜಧಾನಿ ದುಶಾಂಬೆವರೆಗೆ 1,200 ಕಿಲೋಮೀಟರ್‌ಗಿಂತ ಜಾಸ್ತಿ. ಓಶ್‌ನಿಂದ ತಜಕಿಸ್ತಾನದ ಖೊರೋಗ್ ಪಟ್ಟಣದವರೆಗಿನ ಭಾಗವನ್ನು 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಕಟ್ಟಿಸಿತು. ಗಡಿಯ ಠಾಣೆಗಳಿಗೆ ಸೈನಿಕರನ್ನು, ಸಾಮಾನನ್ನು ಸಾಗಿಸಲು ಬೇಕಾಗಿತ್ತು. ಈ ದಾರಿಯ ಅತಿ ಎತ್ತರದ ಜಾಗ ಅಕ್-ಬೈತಾಲ್ ಪಾಸ್, 4,655 ಮೀಟರ್. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರ ಮುಳ್ಳಯ್ಯನಗಿರಿ ಅಲ್ವಾ, ಸುಮಾರು 1,930 ಮೀಟರ್. ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅಕ್-ಬೈತಾಲ್ ಮುಟ್ಟಲು ಇನ್ನೂ ಸುಮಾರು 800 ಮೀಟರ್ ಬಾಕಿ ಉಳಿಯುತ್ತದೆ.

ನಾವು 2019ರ ಬೇಸಿಗೆಯಲ್ಲಿ ಹೋದೆವು. ಐದು ಜನ. ಹಾಸನದ ಕಡೆಯ ಒಬ್ಬ ಹೈಸ್ಕೂಲು ಮೇಷ್ಟ್ರು, ನರ್ಸ್ ಆಗಿರುವ ಒಬ್ಬ ಗೆಳತಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಇಬ್ಬರು ಹುಡುಗರು, ನಾನು. ಮೇಷ್ಟ್ರು ನಮ್ಮಲ್ಲಿ ಹಿರಿಯರು. ಏರಿನಲ್ಲಿ ಎಲ್ಲರಿಗಿಂತ ನಿಧಾನ. ಹುಡುಗರಿಬ್ಬರೂ ಬಿಆರ್‌ಎಂ ಮಾಡಿ ಪಳಗಿದವರು. ಬಿಆರ್‌ಎಂ ಅಂದರೆ ನಿಮಗೆ ಗೊತ್ತು, ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, 600 ಆದರೆ 40 ಗಂಟೆ. ಆ ಅಭ್ಯಾಸ ಒಳ್ಳೆಯದೇ. ಗಡಿಯಾರ ನೋಡಿಕೊಂಡು ತುಳಿಯುವುದು, ಕೂತಲ್ಲೇ ತಿನ್ನುವುದು, ನಿದ್ದೆಗೆಟ್ಟು ಓಡಿಸುವುದು ಎಲ್ಲ ಅದರಿಂದ ಬರುತ್ತದೆ. ಆದರೆ ಪಾಮಿರ್‌ನಲ್ಲಿ ಕಾಲಿನ ಕಸುವಿಗಿಂತ ರಕ್ತ, ಶ್ವಾಸಕೋಶ, ಮೂತ್ರಪಿಂಡಗಳ ಮಾತು ನಡೆಯುತ್ತದೆ. ಅವು ಗಡಿಯಾರ ಕೇಳುವುದಿಲ್ಲ.

ಓಶ್ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸು, ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನ ಎತ್ತರ. ಅಲ್ಲಿಂದ ಚಿಯಿರ್ಚಿಕ್ ಪಾಸ್, 2,389 ಮೀಟರ್. ಮತ್ತೆ ಇಳಿದು ಗುಲ್ಚಾ. ಮತ್ತೆ ಹತ್ತಿ ತಾಲ್ದಿಕ್ ಪಾಸ್, 3,615 ಮೀಟರ್. ಅದನ್ನು ದಾಟಿದರೆ ಸಾರಿ-ತಾಶ್ ಅನ್ನುವ ಸಣ್ಣ ಊರು, 3,170 ಮೀಟರ್. ಊರಿನ ಎದುರಿಗೆ ಹಿಮ ಹೊದ್ದ ಗೋಡೆ. ಅದರಲ್ಲಿ 7,134 ಮೀಟರಿನ ಲೆನಿನ್ ಶಿಖರವೂ ಇದೆ. ಅಲ್ಲಿಂದ ಮುಂದೆ ಗಡಿ, ಕಿಜಿಲ್-ಆರ್ತ್ ಪಾಸ್, 4,280 ಮೀಟರ್. ಅದಾದ ಮೇಲೆ ಮಲಗಲು ಸಿಗುವ ಮೊದಲ ಊರು ಕರಾಕುಲ್, ಸುಮಾರು 3,900 ಮೀಟರ್. ಎರಡೂ ದೇಶಗಳ ಠಾಣೆಗಳ ನಡುವೆ ಸುಮಾರು 20 ಕಿಲೋಮೀಟರ್ ಯಾವ ಊರೂ ಇಲ್ಲ. ಮಳೆ ಬಂದರೆ ಆ ಕೆಂಪು ಮಣ್ಣು ಮಡ್‌ಗಾರ್ಡಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ.

ಈಗ ಲೆಕ್ಕ ನೋಡಿ. ವೈದ್ಯರು ಹೇಳುವ ನಿಯಮ ಇಷ್ಟು. 3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಎತ್ತರಕ್ಕಿಂತ 500 ಮೀಟರ್‌ಗೂ ಮೇಲೆ ಮಲಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ. ಸಾರಿ-ತಾಶ್‌ನಿಂದ ಕರಾಕುಲ್‌ಗೆ ಒಂದೇ ನೆಗೆತಕ್ಕೆ 700 ಮೀಟರ್‌ಗಿಂತ ಜಾಸ್ತಿ ಆಗುತ್ತದೆ. ನಡುವೆ ಮಲಗಲು ಹೇಳಿಕೊಳ್ಳುವಂಥ ಜಾಗ ಇಲ್ಲ. ಹಾಗಾಗಿ ಸಾರಿ-ತಾಶ್‌ನಲ್ಲೇ ಹೆಚ್ಚು ರಾತ್ರಿ ಕಳೆಯಬೇಕು. ಹಗಲು ಸಾಮಾನಿಲ್ಲದೆ ತಾಲ್ದಿಕ್ ಕಡೆಗೆ ಹತ್ತಿ, ಇಳಿದು ಬಂದು ಮಲಗಬೇಕು.

ಹುಡುಗರಿಗೆ ಅದು ಕಷ್ಟ ಆಯಿತು. ಒಬ್ಬ ಬೆಳಗ್ಗೆದ್ದು, "ಅಕ್ಕಾ, ಕಾಲು ಫ್ರೆಶ್ ಆಗಿದೆ, ಸುಮ್ನೆ ಯಾಕೆ ಕೂರೋದು?" ಅಂದ. ನರ್ಸ್ ಗೆಳತಿ ಅವನಿಗೆ ಹೇಳಿದ್ದನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ. ಗಾಳಿ ತೆಳುವಾದಾಗ ದೇಹ ಮೊದಲು ಜೋರಾಗಿ ಉಸಿರಾಡುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತದ ಆಮ್ಲದ ಮಟ್ಟ ಏರುಪೇರಾಗುತ್ತದೆ. ಅದನ್ನು ಮೂತ್ರಪಿಂಡಗಳು ಸರಿಮಾಡಬೇಕು, ಅದಕ್ಕೆ ದಿನಗಳು ಬೇಕು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಈ ಕೆಲಸವನ್ನು ಯಾರ ತೊಡೆಯ ಬಲವೂ ಬೇಗ ಮಾಡಿಸಲಾರದು. ಒಳ್ಳೆಯ ಸೈಕ್ಲಿಸ್ಟ್ ಆಗಿರುವುದರಿಂದ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವ ಹಾಗೇ ಇಲ್ಲ. ಗಟ್ಟಿ ಕಾಲಿನವರಿಗೆ ಅಪಾಯ ಒಂದು ಕೈ ಜಾಸ್ತಿಯೇ, ಯಾಕೆಂದರೆ ಅವರು ಬೇಗ ಮೇಲೆ ಹೋಗಿಬಿಡುತ್ತಾರೆ.

ಇಲ್ಲೇ ನನ್ನ ಮಾತಿನ ತಿರುಳು ಇದೆ. ಮೇಷ್ಟ್ರು ಯಾವ ವೇಗದಲ್ಲಿ ಹೋಗಬಲ್ಲರೋ, ಆ ಎತ್ತರ ಎಲ್ಲರಿಂದಲೂ ಅದೇ ವೇಗವನ್ನು ಕೇಳುತ್ತಿತ್ತು. ಅವರಿಂದ ಗುಂಪು ತಡವಾಗುತ್ತಿದೆ ಅಂತ ಹುಡುಗರಿಗೆ ಮೊದಲು ಅನ್ನಿಸಿದ್ದು ನಿಜ. ಕರಾಕುಲ್‌ನಲ್ಲಿ ಯಾರಿಗೂ ತಲೆ ಸಿಡಿಯದೆ ಬೆಳಗಾದಾಗ ಆ ಮಾತು ನಿಂತುಹೋಯಿತು.

ನರ್ಸ್ ಗೆಳತಿ ಒಂದು ಪದ್ಧತಿ ಮಾಡಿದ್ದಳು. ಅದನ್ನು ನೀವೂ ಬರೆದುಕೊಳ್ಳಿ. ಬೆಳಗ್ಗೆ ಚಹಾಕ್ಕೆ ಮೊದಲೇ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು: ತಲೆನೋವಾ? ಹೊಟ್ಟೆ ತೊಳಸುತ್ತಾ? ಊಟ ಸೇರಿತಾ? ನಿದ್ದೆ ಬಂತಾ? ಆಮೇಲೆ ನೆಲದ ಮೇಲೆ ಟೆಂಟಿನ ಹಗ್ಗ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಅದರ ಮೇಲೆ ನಡೆಸುತ್ತಿದ್ದಳು. ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿದೆ ಅಂತ ಅರ್ಥ. ಕೂತಲ್ಲೇ ಏದುಸಿರು ಬಂದು ಕೆಮ್ಮಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅನುಮಾನ ಪಡಬೇಕು. ಎರಡಕ್ಕೂ ಮದ್ದು ತಕ್ಷಣ ಕೆಳಗಿಳಿಯುವುದು. ಅಸೆಟಜೋಲಮೈಡ್ ಮಾತ್ರೆ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ, ಅದನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಇಳಿಯಬೇಕಾದ ಹೊತ್ತಿನಲ್ಲಿ ಮಾತ್ರೆ ನುಂಗಿ ಮೇಲೆ ಹೋಗುವ ಯೋಚನೆ ಮಾತ್ರ ಬೇಡ.

ಇಷ್ಟೆಲ್ಲ ಕೇಳುವುದು ಯಾಕೆ ಅಂದರೆ, ಗೆಳೆಯರ ನಡುವೆ ಯಾರೂ ತಾವಾಗಿ ಹೇಳುವುದಿಲ್ಲ. ನನ್ನಿಂದ ಎಲ್ಲರೂ ನಿಲ್ಲಬೇಕಾಗುತ್ತದಲ್ಲ ಅನ್ನುವ ಸಂಕೋಚ. ದಿನಾ ಕೇಳುವ ಪದ್ಧತಿ ಇದ್ದರೆ ಆ ಸಂಕೋಚ ಬಿಟ್ಟುಹೋಗುತ್ತದೆ.

ಕರಾಕುಲ್ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಹಳ ಹಿಂದೆ ಯಾವುದೋ ಕಾಲದಲ್ಲಿ ಉಲ್ಕೆ ಬಿದ್ದು ಆದ ಕುಳಿಯಲ್ಲಿ ಆ ಸರೋವರ ನಿಂತಿದೆ. ನೀರು ಉಪ್ಪುಪ್ಪು. ಊರಿನವರು ಕಿರ್ಗಿಜ್ ಜನ. ಬಿಳಿ ಸುಣ್ಣ ಹೊಡೆದ ತಗ್ಗು ಮನೆಗಳು. ಗಿಡಮರ ಒಂದೂ ಇಲ್ಲ. ನಾವು ಉಳಿದ ಮನೆಯ ಅಜ್ಜಿ ಒಲೆಗೆ ಸಗಣಿ ಬೆರಣಿ ಹಾಕುತ್ತಿದ್ದರು. ಮೇಷ್ಟ್ರು ಬೆರಣಿ ಕೈಯಲ್ಲಿ ಹಿಡಿದು ನೋಡಿ, ನಮ್ಮೂರಿನದಕ್ಕಿಂತ ಗಟ್ಟಿಯಾಗಿದೆ ಅಂದರು. ಒಂದು ಒಲೆ, ಅದರ ಸುತ್ತ ಮನೆಯವರೂ ನಾವೂ. ಭಾಷೆ ಬರದಿದ್ದರೂ ಅಜ್ಜಿ ನಮ್ಮ ಒದ್ದೆ ಸಾಕ್ಸ್ ಕಿತ್ತುಕೊಂಡು ಒಲೆಯ ಪಕ್ಕ ಸಾಲಾಗಿ ಹರವಿದರು.

ಅಡುಗೆ ವಿಷಯ ಬಂತು. ಆ ಎತ್ತರದಲ್ಲಿ ನೀರು 87 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದೇನೋ ಕಾಣುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಅಕ್ಕಿಯೂ ನಡುವೆ ಕಾಳುಕಾಳು ಉಳಿಯುತ್ತದೆ. ಕುಕ್ಕರ್ ಹೊತ್ತುಕೊಂಡು ಹೋಗುವವರು ಯಾರು? ಅಲ್ಲಿ ನಮ್ಮನ್ನು ಕಾಪಾಡಿದ್ದು ಅವಲಕ್ಕಿ. ಮೇಷ್ಟ್ರ ಮನೆಯವರು ಗೊಜ್ಜವಲಕ್ಕಿಯ ಪುಡಿ ಕಲಸಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಬೆಚ್ಚಗಿನ ನೀರು ಹಾಕಿ ಮುಚ್ಚಿಟ್ಟರೆ ಟೆಂಟ್ ಮಡಚುವಷ್ಟರಲ್ಲಿ ತಯಾರು. ಹುಳಿ, ಬೆಲ್ಲ, ಖಾರ ಎಲ್ಲ ಅದರಲ್ಲೇ. ಎತ್ತರದಲ್ಲಿ ಹಸಿವು ಸತ್ತಿರುತ್ತದೆ. ಬಾಯಿಗೆ ರುಚಿ ಇಲ್ಲದಿದ್ದರೆ ತಿನ್ನುವುದೇ ಇಲ್ಲ, ತಿನ್ನದಿದ್ದರೆ ಮಾರನೇ ದಿನ ತುಳಿಯಲು ಆಗುವುದಿಲ್ಲ. ಹಾಗಾಗಿ ಬಾಯಿಗೆ ಹಿಡಿಸುವ ಊಟ ಹೊರುವುದು ಶೋಕಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಇನ್ನು ಅಕ್-ಬೈತಾಲ್. ರಸ್ತೆಯ ಎಡಕ್ಕೆ ಬಹಳ ದೂರ ಚೀನಾ ಗಡಿಯ ತಂತಿಬೇಲಿ ಜೊತೆಯಲ್ಲೇ ಬರುತ್ತದೆ. ಏರು ಮೊದಲು ಮೆತ್ತಗಿದ್ದು, ಕೊನೆಯ ಕೆಲವು ಕಿಲೋಮೀಟರಿನಲ್ಲಿ ಜಲ್ಲಿ ಸಡಿಲವಾಗಿ ಕಡಿದಾಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಲ್ಲಕ್ಕಿಂತ ಸಣ್ಣ ಗೇರಿನಲ್ಲೂ ಇಪ್ಪತ್ತು ಸಲ ತುಳಿದು ನಿಲ್ಲಬೇಕು. ಆಮೇಲೆ ಇಳಿದು ತಳ್ಳಬೇಕು.

ಗುಂಪಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಮುಂದೆ ಹೋದವರು ಒಂದು ತಿರುವಿನಲ್ಲಿ ನಿಂತು ಕಾಯುತ್ತಾರೆ. ಬಿಸ್ಕತ್ತು ತಿನ್ನುತ್ತಾರೆ, ಫೋಟೋ ತೆಗೆಯುತ್ತಾರೆ, ಮೈ ತಣ್ಣಗಾಗುತ್ತದೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ, "ಬಂದ್ರಾ? ಸರಿ, ಹೊರಡೋಣ" ಅಂತ ಎದ್ದುಬಿಡುತ್ತಾರೆ. ಅಂದರೆ ಯಾರಿಗೆ ವಿಶ್ರಾಂತಿ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ದಿನವಿಡೀ ಹೀಗೇ ನಡೆದರೆ ಸಂಜೆಗೆ ಅವರು ಮಾತು ಬಿಟ್ಟಿರುತ್ತಾರೆ. ಎಷ್ಟೋ ಗುಂಪುಗಳು ಮುರಿಯುವುದಕ್ಕೆ ಕಾರಣ ಇದು ಅಂತ ನನ್ನ ಅಭಿಪ್ರಾಯ. ದುಡ್ಡಿನ ಜಗಳ, ದಾರಿಯ ಜಗಳ ಅಂತ ಹೊರಗೆ ಕಾಣುತ್ತದೆ. ಒಳಗೆ ಇರುವುದು ಈ ಆಯಾಸ.

ನಾವು ಓಶ್‌ನಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಕಾಯುವ ಹೊತ್ತು ಲೆಕ್ಕಕ್ಕಿಲ್ಲ. ಕೊನೆಯವರು ಬಂದು ಸೈಕಲ್ ಮಲಗಿಸಿದ ಮೇಲೆ ವಿಶ್ರಾಂತಿ ಶುರು, ಕಡಿಮೆ ಅಂದರೆ ಹದಿನೈದು ನಿಮಿಷ. ಹೊರಡೋಣ ಅನ್ನುವ ಮಾತು ಕೊನೆಗೆ ಬಂದವರ ಬಾಯಿಂದಲೇ ಬರಬೇಕು. ಅಕ್-ಬೈತಾಲ್‌ನ ಕೊನೆಯ ತಿರುವಿಗೆ ಮೊದಲು ಆಲಿಕಲ್ಲು ಶುರುವಾಯಿತು. ಮೇಲೆ ಮುಟ್ಟಿದ್ದ ಹುಡುಗನೊಬ್ಬ ತನ್ನ ಸೈಕಲ್ ಬಿಟ್ಟು ನಡೆದುಕೊಂಡೇ ಕೆಳಗೆ ಬಂದು ಮೇಷ್ಟ್ರ ಕ್ಯಾರಿಯರಿಗೆ ಕೈ ಹಚ್ಚಿ ತಳ್ಳತೊಡಗಿದ. ಮೇಷ್ಟ್ರು ಹ್ಯಾಂಡಲ್ ಹಿಡಿದು ತಳ್ಳುತ್ತಿದ್ದರು. "ಬೇಡಪ್ಪ, ನಾನೇ ಬರ್ತೀನಿ" ಅಂದರು. "ಗೊತ್ತು ಸಾರ್, ಚಳಿ ಆಗ್ತಿತ್ತು, ಅದಕ್ಕೇ ಬಂದೆ" ಅಂದ ಅವನು. ಸಾರಿ-ತಾಶ್‌ನಲ್ಲಿ ಸುಮ್ಮನೆ ಯಾಕೆ ಕೂರೋದು ಅಂದಿದ್ದವನು ಇವನೇ.

ಪಾಸ್ ಮೇಲೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಆಲಿಕಲ್ಲು ಜೋರಾಗಿತ್ತು. ಮುರ್ಗಾಬ್ ಅನ್ನುವ ಊರಿನ ಕಡೆಗೆ ಇಳಿದೆವು.

ಗುಂಪಾಗಿ ಹೋಗುವುದರ ಲಾಭ ನಿಜವಾಗಿ ಗೊತ್ತಾಗುವುದು ಮುರ್ಗಾಬ್ ದಾಟಿ ಅಲಿಚುರ್ ಬಯಲಿಗೆ ಬಂದಾಗ. ಏರಿನಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ಇನ್ನೊಬ್ಬರ ಹಿಂದೆ ಹೋದರೆ ಏನೂ ಉಪಯೋಗವಿಲ್ಲ. ಅಲ್ಲಿ ನಿಮ್ಮ ಎದುರಾಳಿ ತೂಕ. ತೂಕವನ್ನು ಯಾರ ಬೆನ್ನೂ ಮರೆಮಾಡಲಾರದು. ಹಾಗಾಗಿ ಏರಿನಲ್ಲಿ ಅವರವರ ಉಸಿರಿಗೆ ತಕ್ಕಂತೆ ಬಿಡಿಬಿಡಿಯಾಗಿ ಹೋಗಬೇಕು. ಬಯಲಿನಲ್ಲಿ ಎದುರುಗಾಳಿ ಬೀಸಿದಾಗ ಲೆಕ್ಕ ಬದಲಾಗುತ್ತದೆ. ಮಧ್ಯಾಹ್ನದ ಮೇಲೆ ಅಲ್ಲಿ ಬೀಸುವ ಗಾಳಿಗೆ ಇಳಿಜಾರಿನಲ್ಲೂ ತುಳಿಯಬೇಕು. ಆಗ ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಹಿಂದಿನವರಿಗೆ ಕೆಲಸ ಬಹಳ ಕಡಿಮೆಯಾಗುತ್ತದೆ. ಹುಡುಗರಿಬ್ಬರೂ ಸರದಿಯಲ್ಲಿ ಮುಂದೆ ನಿಂತರು. ನಾವು ಮೂವರು ಹಿಂದೆ. ಗಟ್ಟಿ ಕಾಲಿನವರ ಕಸುವನ್ನು ಇಲ್ಲಿ ಖರ್ಚು ಮಾಡಬೇಕು.

ಅಲಿಚುರ್ ಹತ್ತಿರ ದಾರಿ ಕವಲಾಗುತ್ತದೆ. ಎಂ-41 ಬಿಟ್ಟು ಎಡಕ್ಕೆ ತಿರುಗಿದರೆ ಖರ್ಗುಶ್ ಪಾಸ್, 4,344 ಮೀಟರ್. ಅಲ್ಲಿಂದ ಪಾಮಿರ್ ನದಿಯ ದಂಡೆ ಹಿಡಿದು ವಾಖಾನ್ ಕಣಿವೆಗೆ ಇಳಿಯಬಹುದು. ನಾವು ಆ ದಾರಿ ಹಿಡಿದೆವು. ಮರಳು, ಜೊತೆಗೆ ಅಲೆಅಲೆಯಾಗಿ ಗಟ್ಟಿಯಾದ ಮಣ್ಣು. ಈ ಅಲೆಗಳು ಮೊದಲು ಮುರಿಯುವುದು ಕ್ಯಾರಿಯರಿನ ಬೋಲ್ಟುಗಳನ್ನು. ಪ್ರತಿ ಸಂಜೆ ಎಲ್ಲ ಬೋಲ್ಟುಗಳಿಗೂ ಅಲೆನ್ ಕೀ ಹಾಕಿ ನೋಡಬೇಕು. ಬಿಡಿ ಬೋಲ್ಟು, ಹಿಂಚಕ್ರಕ್ಕೆ ಹೊಂದುವ ಕಡ್ಡಿಗಳು, ಚೈನಿನ ಕೊಂಡಿ, ಗೇರ್ ಹ್ಯಾಂಗರ್ ಇರಲೇಬೇಕು. ಎರಡು ಇಂಚು ಅಗಲದ ಟೈರ್ ಹಾಕಿ, ಗಾಳಿ ಸ್ವಲ್ಪ ಇಳಿಸಿ. ಅಲ್ಲಿನ ಊರುಗಳಲ್ಲಿ ಸೈಕಲ್ ಅಂಗಡಿ ಇಲ್ಲ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತಾರಲ್ಲ, ಗುಂಪಿನ ಸಾಮಾನಿಗೆ ಅದು ಅಕ್ಷರಶಃ ನಿಜ. ಒಂದೇ ಸ್ಟೋವ್, ಒಂದೇ ಪಂಪು, ಒಂದೇ ಔಷಧಿ ಡಬ್ಬ ಎಲ್ಲರಿಗೂ ಸಾಕು. ಆದರೆ ಆ ಹೊರೆಯನ್ನು ಸಮನಾಗಿ ಹಂಚಬೇಡಿ. ಬಲ ನೋಡಿ ಹಂಚಿ. ಮೇಷ್ಟ್ರು ತಮ್ಮ ಬಟ್ಟೆ, ಹಾಸಿಗೆ, ಅವಲಕ್ಕಿ ಮಾತ್ರ ಹೊತ್ತರು. ಟೆಂಟು, ಸ್ಟೋವು, ಪೆಟ್ರೋಲ್ ಬಾಟಲಿ ಹುಡುಗರ ಪಾಲಿಗೆ. ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು ಮಾತ್ರ ಎಲ್ಲರಿಗೂ ಸಮ.

ವಾಖಾನ್‌ಗೆ ಇಳಿದಾಗ ಹಸಿರು ಕಂಡು ಕಣ್ಣು ತಂಪಾಯಿತು. ಲಂಗರ್ ಅನ್ನುವ ಊರಿನಿಂದ ಮುಂದೆ ಗೋಧಿ ಹೊಲ, ಏಪ್ರಿಕಾಟ್ ಮರ, ಕಾಲುವೆ ನೀರು. ನದಿಯ ಆಚೆ ದಡವೇ ಅಫ್ಘಾನಿಸ್ತಾನ. ಕತ್ತೆ ಹೊಡೆದುಕೊಂಡು ಹೋಗುವವರು ಅಲ್ಲಿಂದಲೇ ಕೈ ಬೀಸುತ್ತಾರೆ. ಅವರ ಹಿಂದೆ ಹಿಂದೂಕುಶ್. ಅಫ್ಘಾನಿಸ್ತಾನದ ಆ ಕಿರಿದಾದ ಪಟ್ಟಿಯನ್ನು 1890ರ ದಶಕದಲ್ಲಿ ರಷ್ಯಾ ಮತ್ತು ಬ್ರಿಟಿಷರು ತಮ್ಮ ಸಾಮ್ರಾಜ್ಯಗಳು ಒಂದಕ್ಕೊಂದು ತಾಗದಿರಲಿ ಅಂತ ನಡುವೆ ಬಿಟ್ಟರು. ಎರಡೂ ದಡದಲ್ಲಿ ಒಂದೇ ಭಾಷೆಯ, ಒಂದೇ ನಂಬಿಕೆಯ ಜನ. ನದಿಯೇ ಗಡಿಯಾಗಿ ನೆಂಟರು ಎರಡು ದೇಶದವರಾದರು. ದಿನಾ ಆ ನದಿಯ ಪಕ್ಕದಲ್ಲಿ ತುಳಿಯುವಾಗ ಇದು ನನ್ನನ್ನು ಬಹಳ ಕಾಡಿತು.

ಇಲ್ಲಿ ನಮಗೂ ಒಂದು ನಂಟಿದೆ. ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು, ಆ ರಾಜನ ಬಗ್ಗೆ ಬರೆದಿಟ್ಟ ಹ್ಯೂಯೆನ್ ತ್ಸಾಂಗ್‌ನನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆತ ಊರಿಗೆ ಮರಳಿದ್ದು ಬದಖ್ಶಾನ್, ವಾಖಾನ್, ಪಾಮಿರ್ ದಾಟಿಕೊಂಡು. 645ರಲ್ಲಿ ಚೀನಾದ ರಾಜಧಾನಿ ತಲುಪಿದ. ವ್ರಂಗ್ ಅನ್ನುವ ಊರಿನ ಮೇಲಿನ ಬಂಡೆಯಲ್ಲಿ ಹಳೆಯ ಬೌದ್ಧ ಸ್ತೂಪದ ಅವಶೇಷ ಇದೆ. ಮೇಷ್ಟ್ರು ಇತಿಹಾಸ ಪಾಠ ಮಾಡುವವರು. ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಮೇಲೆ ಕೂತು, ಬಾದಾಮಿಯಿಂದ ಇಲ್ಲಿವರೆಗಿನ ದಾರಿಯನ್ನು ನಮಗೆ ಬೆರಳಿನಲ್ಲಿ ಮಣ್ಣಿನ ಮೇಲೆ ಬರೆದು ತೋರಿಸಿದರು. ಆವತ್ತು ಬೇಗ ಹೊರಡೋಣ ಅಂತ ಯಾರೂ ಅನ್ನಲಿಲ್ಲ.

ಪಾಮಿರಿ ಮನೆಗಳಲ್ಲಿ ಬೆಳಗ್ಗೆ ಶೀರ್ ಚಾಯ್ ಕೊಡುತ್ತಾರೆ. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ. ಅದಕ್ಕೆ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುವುದು. ಬೆವರಿ ಉಪ್ಪು ಕಳಕೊಂಡ ಮೈಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಖೊರೋಗ್‌ನಲ್ಲಿ ಹುಡುಗರಲ್ಲಿ ಒಬ್ಬ ನಮ್ಮಿಂದ ಬೇರೆಯಾದ. ರಜೆ ಮುಗಿಯುತ್ತಾ ಬಂದಿತ್ತು, ಜೀಪು ಹತ್ತಿ ದುಶಾಂಬೆಗೆ ಹೋದ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಬೇರೆಯಾಗುವುದನ್ನೂ ಮೊದಲೇ ಮಾತಾಡಿಕೊಂಡಿರಬೇಕು. 1923ರ ಅಕ್ಟೋಬರ್‌ನಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ಗೆಳೆಯರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಇರಾನ್, ಇರಾಕಿನ ಮರುಭೂಮಿ, ಯುರೋಪು, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬರ್ಮಾ ದಾಟಿ 1928ರ ಮಾರ್ಚ್‌ನಲ್ಲಿ ಮರಳಿದರು. ಸುಮಾರು 71,000 ಕಿಲೋಮೀಟರ್. ಕೊನೆವರೆಗೂ ಜೊತೆಯಾಗಿ ಉಳಿದವರು ಮೂವರು: ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ. ಉಳಿದ ಮೂವರು ದಾರಿಯಲ್ಲಿ ಬೇರೆ ಬೇರೆ ಕಡೆ ಗುಂಪು ಬಿಟ್ಟರು. ಗೇರಿಲ್ಲದ ಸೈಕಲ್‌ಗಳ ಕಾಲದಲ್ಲಿ ಅವರು ಮಾಡಿದ ಸಾಧನೆ ಅದರಿಂದ ಕಡಿಮೆಯಾಗುವುದಿಲ್ಲ. ನಾವು ಹೊರಡುವ ಮೊದಲೇ ಪ್ರತಿಯೊಬ್ಬರೂ ಅವರವರ ಪಾಸ್‌ಪೋರ್ಟ್, ಪರವಾನಗಿ, ಒಂಟಿಯಾಗಿ ಊರು ಸೇರುವಷ್ಟು ದುಡ್ಡು, ಒಂದು ಟ್ಯೂಬು, ಪಂಕ್ಚರ್ ಸಾಮಾನು ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು ಅಂತ ಒಪ್ಪಿಕೊಂಡಿದ್ದೆವು. ಹಾಗಾಗಿ ಖೊರೋಗ್‌ನಲ್ಲಿ ಯಾವ ಗಡಿಬಿಡಿಯೂ ಆಗಲಿಲ್ಲ. ಅವನ ಸ್ಟೋವನ್ನು ನನ್ನ ಸೈಕಲ್‌ಗೆ ಕಟ್ಟಿಕೊಂಡೆ, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆಗಳು. ಮೊದಲನೆಯದು, ಆ ಕಡೆ ಹೋಗುವುದು ಎಷ್ಟು ಸುರಕ್ಷಿತ?

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. 2018ರ ಜುಲೈನಲ್ಲಿ ತಜಕಿಸ್ತಾನದ ದಂಘರಾ ಜಿಲ್ಲೆಯಲ್ಲಿ ಸೈಕಲ್ ಪ್ರವಾಸಿಗಳ ಗುಂಪಿನ ಮೇಲೆ ಕಾರು ಹರಿಸಿ, ಚಾಕುವಿನಿಂದ ಇರಿದು ನಾಲ್ವರನ್ನು ಕೊಂದರು. ಮುಂದಿನ ವರ್ಷ ಹೋದ ನಮಗೆ ಅದು ಮನಸ್ಸಿನಲ್ಲಿ ಇದ್ದೇ ಇತ್ತು. ದಾರಿಯಲ್ಲಿ ಜನ ತಾವಾಗಿ ಆ ಮಾತು ತೆಗೆದು, ಎದೆಯ ಮೇಲೆ ಕೈಯಿಟ್ಟು ದುಃಖ ಹೇಳಿಕೊಂಡರು. 2021ರಲ್ಲಿ ಕಿರ್ಗಿಸ್ತಾನ ಮತ್ತು ತಜಕಿಸ್ತಾನದ ನಡುವೆ ಘರ್ಷಣೆಯಾಗಿ ಗಡಿ ಮುಚ್ಚಿತು. 2025ರ ಮಾರ್ಚ್‌ನಲ್ಲಿ ಎರಡೂ ದೇಶಗಳು ಗಡಿ ಒಪ್ಪಂದಕ್ಕೆ ಸಹಿ ಹಾಕಿವೆ. ಹೋಗುವವರು ಆಗಿನ ಸ್ಥಿತಿಯನ್ನು ವಿಚಾರಿಸಿಕೊಂಡೇ ಟಿಕೆಟ್ ಮಾಡಿ. ವೀಸಾ ಅಲ್ಲದೆ, ಪಾಮಿರ್ ದಾರಿ ಹಾದುಹೋಗುವ ತಜಕಿಸ್ತಾನದ ಗೋರ್ನೊ-ಬದಖ್ಶಾನ್ ಪ್ರಾಂತ್ಯಕ್ಕೆ ಬೇರೆ ಪರವಾನಗಿ ಬೇಕು. ಅದರ ನಕಲುಗಳನ್ನು ಜಾಸ್ತಿ ಇಟ್ಟುಕೊಳ್ಳಿ.

ಎರಡನೆಯದು, ಇಲ್ಲಿ ಹೇಗೆ ತಯಾರಿ ಮಾಡಬೇಕು?

ಎತ್ತರದ ತಯಾರಿ ಕರ್ನಾಟಕದಲ್ಲಿ ಸಾಧ್ಯವಿಲ್ಲ, ಅಷ್ಟು ಎತ್ತರ ನಮ್ಮಲ್ಲಿಲ್ಲ. ಅದನ್ನು ಅಲ್ಲಿಯೇ, ದಿನಗಳನ್ನು ಕೊಟ್ಟು ಮಾಡಬೇಕು. ಇಲ್ಲಿ ಮಾಡಬಹುದಾದದ್ದು ಗುಂಪಿನ ತಯಾರಿ. ಮಳೆ ಮುಗಿದ ಮೇಲೆ, ಪಾಮಿರ್‌ಗೆ ಒಯ್ಯುವ ಅಷ್ಟೂ ಸಾಮಾನು ಹೇರಿಕೊಂಡು ಎಲ್ಲರೂ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ. ಯಾರು ಹಿಂದೆ ಬರುತ್ತಾರೆ ನೋಡಿಕೊಳ್ಳಿ. ಅವರು ಕೊಟ್ಟಿಗೆಹಾರ ಮುಟ್ಟಲು ಹಿಡಿದ ಹೊತ್ತನ್ನು ಬರೆದಿಟ್ಟುಕೊಂಡು, ಮನೆಗೆ ಬಂದು ಪಾಮಿರ್ ನಕ್ಷೆ ಬಿಡಿಸಿ, ದಿನಕ್ಕೆಷ್ಟು ಕಿಲೋಮೀಟರ್ ಅನ್ನುವುದನ್ನು ಆ ಹೊತ್ತಿನಿಂದಲೇ ಲೆಕ್ಕ ಹಾಕಿ.